ಕರುಳು ಕಟ್ಟಿಕೊಂಡಾಗ: ಕಾಯಬೇಕೋ, ಕೊಯ್ಯಬೇಕೋ?

"ಎರಡು ದಿನ ಟ್ಯೂಬ್ ಹಾಕಿ ನೋಡೋಣ ಅಂತಿದ್ದಾರೆ. ಸುಮ್ನೆ ಟೈಮ್ ಹಾಳು ಮಾಡ್ತಿದ್ದಾರಾ?" ಎಂದು ಒಬ್ಬರು ಕೇಳುತ್ತಾರೆ. ಇನ್ನೊಬ್ಬರ ಪ್ರಶ್ನೆ ಇದಕ್ಕೆ ತಿರುಗಾಮುರುಗಾ. "ಈಗಲೇ ಹೊಟ್ಟೆ ಕೊಯ್ಯಬೇಕಂತೆ. ಬೆಳಗಿನವರೆಗಾದ್ರೂ ಕಾಯಬಾರ್ದಾ?" ಎರಡೂ ಕಡೆ ಕಾಯಿಲೆಯ ಹೆಸರು ಒಂದೇ, ಕರುಳು ಕಟ್ಟಿಕೊಂಡಿದೆ. ಡಾಕ್ಟರು ಹೇಳಿದ್ದು ಮಾತ್ರ ಬೇರೆ ಬೇರೆ. ಇಬ್ಬರು ಡಾಕ್ಟರು ಹೇಳಿದ್ದೂ ಸರಿಯೇ ಇರಬಹುದು ಅನ್ನುವುದು ಮನೆಯವರಿಗೆ ಆ ಹೊತ್ತಿನಲ್ಲಿ ಹೊಳೆಯುವುದೇ ಇಲ್ಲ.

ನಾನು ಡಾಕ್ಟರಲ್ಲ. ಅಪ್ಪನಿಗೆ ಎರಡು ಸಲ ಕರುಳು ಕಟ್ಟಿಕೊಂಡಿತ್ತು. ಮೊದಲ ಸಲ ಮೂಗಿನ ಟ್ಯೂಬಿನಲ್ಲೇ ಬಿಟ್ಟುಕೊಂಡಿತು. ಎರಡನೆಯ ಸಲ ಆಪರೇಷನ್ ಆಯಿತು. ಎರಡು ಸಲವೂ ಕಾಗದಕ್ಕೆ ಸಹಿ ಹಾಕಿದ್ದು ನಾನು. ಮೊದಲ ಸಲ ಏನೂ ತಿಳಿಯದೆ ಹಾಕಿದೆ. ಎರಡನೆಯ ಸಲ ನಾಲ್ಕು ಪ್ರಶ್ನೆ ಕೇಳಿ ಹಾಕಿದೆ. ಅಲ್ಲಿಂದ ಈಚೆಗೆ ಇಂಥ ಹೊತ್ತಲ್ಲಿ ನೆಂಟರು, ಗೆಳೆಯರು ನನಗೆ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಇದನ್ನು ಓದುತ್ತಿರುವಾಗ ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಓದುವುದನ್ನು ನಿಲ್ಲಿಸಿ. ಮೊದಲು ಆಸ್ಪತ್ರೆಗೆ ಹೊರಡಿ.

ಮೊದಲು ಅಳತೆಗೋಲು

ಯಾವ ದಾರಿ ಒಳ್ಳೆಯದು ಅನ್ನುವ ಮುಂಚೆ ಯಾವುದರಿಂದ ಅಳೆಯಬೇಕು ಅನ್ನುವುದು ಗೊತ್ತಿರಬೇಕು. ನಾನು ಕೇಳಿದ ನಾಲ್ಕು ಪ್ರಶ್ನೆಗಳು ಇವು.

ಕರುಳಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ? ದಾರಿ ಪೂರ್ತಿ ಮುಚ್ಚಿದೆಯಾ, ಅರ್ಧಂಬರ್ಧವಾ? ಕಟ್ಟಿರುವುದು ಸಣ್ಣ ಕರುಳೋ, ದೊಡ್ಡ ಕರುಳೋ, ಮತ್ತು ಯಾಕೆ ಕಟ್ಟಿದೆ? ರೋಗಿಯ ಮೈ ಎಷ್ಟನ್ನು ತಡೆದೀತು, ಅವರಿಗೆ ಏನು ಬೇಕು?

ಇವುಗಳಲ್ಲಿ ಮೊದಲನೆಯದಕ್ಕೆ ಇರುವ ತೂಕ ಬೇರೆ ಮೂರಕ್ಕೂ ಸೇರಿ ಇಲ್ಲ. ಕರುಳು ಕಟ್ಟಿಕೊಂಡಿದ್ದರೂ ರಕ್ತ ಹರಿಯುತ್ತಿದ್ದರೆ ಯೋಚಿಸಲು ಸಮಯ ಇದೆ. ರಕ್ತ ನಿಂತರೆ ಕರುಳಿನ ಆ ತುಂಡು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ, ಆಮೇಲೆ ತೂತಾಗುತ್ತದೆ, ನಂಜು ಹೊಟ್ಟೆಯೆಲ್ಲ ಹರಡುತ್ತದೆ. ಆ ಎರಡು ಮನೆಗಳ ಡಾಕ್ಟರು ಬೇರೆ ಬೇರೆ ಮಾತು ಹೇಳಿದ್ದಕ್ಕೆ ಬಹುಪಾಲು ಇದೇ ಕಾರಣ.

ಖರ್ಚಿನ ಪ್ರಶ್ನೆ ಎಲ್ಲಿ ಹೋಯಿತು ಅಂತೀರಾ? ಅದೂ ಇದೆ, ಮುಂದೆ ಅಲ್ಲಲ್ಲಿ ಬರುತ್ತದೆ. ಆದರೆ ಮೊದಲ ಪ್ರಶ್ನೆಗೆ "ರಕ್ತ ಹರಿಯುತ್ತಿಲ್ಲ" ಎಂಬ ಉತ್ತರ ಬಂದರೆ ಖರ್ಚಿನ ಲೆಕ್ಕ ಆಮೇಲೆ ಹಾಕಿ.

ಮನೆಯೋ, ಆಸ್ಪತ್ರೆಯೋ

ಮಲಬದ್ಧತೆ, ಗ್ಯಾಸು, ಅಜೀರ್ಣ ಯಾರಿಗಿಲ್ಲ? ಹಾಗಾಗಿಯೇ ಇಲ್ಲಿ ಜನ ಎಡವುತ್ತಾರೆ. ಕರುಳು ಕಟ್ಟಿದ್ದರ ಗುರುತು ಮುಖ್ಯವಾಗಿ ನಾಲ್ಕು: ಬಿಟ್ಟು ಬಿಟ್ಟು ಹಿಂಡುವ ನೋವು, ವಾಂತಿ, ಹೊಟ್ಟೆ ಉಬ್ಬರ, ಮಲವೂ ಗಾಳಿಯೂ ಹೋಗದಿರುವುದು. ಬರೀ ಮಲಬದ್ಧತೆ ಇದ್ದವರಿಗೆ ಗಾಳಿ ಸಾಮಾನ್ಯವಾಗಿ ಹೋಗುತ್ತಲೇ ಇರುತ್ತದೆ, ವಾಂತಿ ಅಪರೂಪ. "ಗಾಳಿ ಹೋಗ್ತಿದೆಯಾ?" ಎಂದು ಡಾಕ್ಟರು ಮತ್ತೆ ಮತ್ತೆ ಕೇಳಿದರೆ ನಾಚಿಕೊಳ್ಳಬೇಡಿ. ಅವರಿಗೆ ಅದು ದೊಡ್ಡ ಸುಳಿವು.

ನಾಲ್ಕೂ ಗುರುತು ಒಟ್ಟಿಗೆ ಬರಲೇಬೇಕು ಅಂತೇನಿಲ್ಲ. ಸಣ್ಣ ಕರುಳಿನ ಮೇಲ್ಭಾಗದಲ್ಲಿ ಕಟ್ಟಿದರೆ ವಾಂತಿ ಬೇಗ ಶುರುವಾಗುತ್ತದೆ, ಹೊಟ್ಟೆ ಅಷ್ಟೊಂದು ಉಬ್ಬುವುದಿಲ್ಲ. ಕೆಳಗೆ ಕಟ್ಟಿದಷ್ಟೂ ಉಬ್ಬರ ಜಾಸ್ತಿ, ವಾಂತಿ ತಡ. ದೊಡ್ಡ ಕರುಳಿನದಾದರೆ ಕೆಲವರಿಗೆ ವಾಂತಿಯೇ ಇರುವುದಿಲ್ಲ, ಹೊಟ್ಟೆ ತಮಟೆಯಂತೆ ಬಿಗಿದಿರುತ್ತದೆ. ಇನ್ನೊಂದು ಮೋಸವೂ ಇದೆ. ಕಟ್ಟಿದ ಜಾಗದ ಕೆಳಗೆ ಉಳಿದಿದ್ದ ಮಲ ಒಂದೆರಡು ಸಲ ಹೊರಗೆ ಬರಬಹುದು. ಅರ್ಧ ಕಟ್ಟಿದ್ದರೆ ನೀರು ನೀರಾಗಿ ಭೇದಿಯೇ ಆಗಬಹುದು. ಅಪ್ಪನಿಗೆ ಮೊದಲ ದಿನ ಹೀಗೇ ಆಯಿತು. "ಮಲ ಹೋಯ್ತಲ್ಲ, ಇನ್ನೇನು" ಅಂದುಕೊಂಡು ಒಂದು ರಾತ್ರಿ ಕಳೆದೆವು. ಆ ಒಂದು ರಾತ್ರಿಯಲ್ಲಿ ಅವರ ಮೈಯ ನೀರೆಲ್ಲ ಬಸಿದುಹೋಗಿತ್ತು.

ಬಸಿಯುವುದು ಯಾಕೆ ಗೊತ್ತಾ? ನಾವು ಕುಡಿದದ್ದು, ಜೊಲ್ಲು, ಹೊಟ್ಟೆಯ ರಸ, ಪಿತ್ತ ಎಲ್ಲ ಸೇರಿ ದಿನಕ್ಕೆ ಸುಮಾರು 8ರಿಂದ 9 ಲೀಟರ್ ದ್ರವ ಸಣ್ಣ ಕರುಳಿಗೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ಅದರ ಬಹುಪಾಲು ಮತ್ತೆ ರಕ್ತಕ್ಕೆ ಸೇರುತ್ತದೆ. ಕಟ್ಟಿಕೊಂಡ ಕರುಳಿನಲ್ಲಿ ಅದು ಒಳಗೇ ನಿಲ್ಲುತ್ತದೆ, ಇಲ್ಲವೇ ವಾಂತಿಯಾಗುತ್ತದೆ. ಹೊಟ್ಟೆ ತುಂಬ ನೀರಿದ್ದರೂ ಮೈ ಒಣಗಿರುತ್ತದೆ.

ಮನೆಯಲ್ಲಿ ಮಾಡಬಾರದ್ದು ಮೂರು. ಭೇದಿ ಮಾತ್ರೆ ಕೊಡಬೇಡಿ. ಮುಚ್ಚಿದ ಬಾಗಿಲಿಗೆ ಕರುಳನ್ನು ಇನ್ನಷ್ಟು ಜೋರಾಗಿ ಗುದ್ದಿಸಿದಂತಾಗುತ್ತದೆ. ನಾರಿನ ಪುಡಿಯೂ ಬೇಡ, ಅದು ನೀರು ಹೀರಿ ಉಬ್ಬಿ ಅಲ್ಲೇ ಸಿಕ್ಕಿಕೊಳ್ಳಬಹುದು. ಮೂರನೆಯದು ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆಯ ಸಡಿಲ ಜಾಗದಿಂದ ಕರುಳು ಹೊರಕ್ಕೆ ತಳ್ಳಿ ಆಗುವ ಉಬ್ಬು. ಒಳಕ್ಕೆ ಹೋಗದೆ, ನೋಯುತ್ತಾ, ಕೆಂಪಗಾಗಿದ್ದರೆ ಬಲವಂತದಿಂದ ಒತ್ತಬೇಡಿ. ವಯಸ್ಸಾದ ಹೆಂಗಸರಲ್ಲಿ ತೊಡೆಯ ಸಂದಿಯ ಚಿಕ್ಕ ಹರ್ನಿಯಾ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ನಾಚಿಕೆಗೆ ಅವರೂ ಹೇಳುವುದಿಲ್ಲ. ಹೊಟ್ಟೆ ತೋರಿಸುವಾಗ ಸಂದಿಯನ್ನೂ ತೋರಿಸಲು ಹೇಳಿ.

ಒಂದು ಹೊತ್ತೂ ಕಾಯಬಾರದ ಗುರುತುಗಳು ಬೇರೆ ಇವೆ. ಬಿಟ್ಟು ಬಿಟ್ಟು ಬರುತ್ತಿದ್ದ ನೋವು ಬಿಡದೆ ಹಿಡಿದುಕೊಳ್ಳುವುದು. ಜ್ವರ, ಎದೆಬಡಿತ ಜೋರಾಗುವುದು. ಹೊಟ್ಟೆ ಮುಟ್ಟಿದರೆ ಕಿರುಚುವಷ್ಟು ನೋವು, ಹಲಗೆಯಂಥ ಬಿಗಿ. ಮಂಪರು, ತಣ್ಣಗಿನ ಬೆವರು. ಇಷ್ಟೊತ್ತು ಒದ್ದಾಡುತ್ತಿದ್ದವರಿಗೆ ಒಮ್ಮೆಲೇ ನೋವು ಇಳಿದು ಮೈ ಕುಸಿದರೆ ಅದು ಗುಣವಾದದ್ದಲ್ಲ, ತೂತಾಗಿರಬಹುದು.

ಮಕ್ಕಳ ವಿಷಯ ಎರಡೇ ಮಾತಿನಲ್ಲಿ ಹೇಳುತ್ತೇನೆ. ಹಸುಗೂಸು ಹಸಿರು ವಾಂತಿ ಮಾಡಿದರೆ ಕರುಳು ತಿರುಚಿಕೊಂಡಿರಬಹುದು, ಗಂಟೆಗಳ ಲೆಕ್ಕದ ತುರ್ತು ಅದು. ಆರು ತಿಂಗಳಿಂದ ಸುಮಾರು ಮೂರು ವರ್ಷದೊಳಗಿನ ಮಗು ಕಾಲು ಮಡಚಿ ಚೀರಿ, ಸ್ವಲ್ಪ ಹೊತ್ತು ಸುಮ್ಮನಾಗಿ, ಮತ್ತೆ ಚೀರಿದರೆ ಕರುಳಿನೊಳಗೆ ಕರುಳು ನುಗ್ಗಿರಬಹುದು. ಇದನ್ನು ಗುದದ್ವಾರದಿಂದ ಗಾಳಿ ಅಥವಾ ದ್ರವ ಒತ್ತಿ ಹೆಚ್ಚಿನ ಮಕ್ಕಳಲ್ಲಿ ಆಪರೇಷನ್ ಇಲ್ಲದೆ ಬಿಡಿಸುತ್ತಾರೆ. ಮಲದಲ್ಲಿ ರಕ್ತ ಕಾಣುವವರೆಗೆ ಕಾಯಬೇಡಿ, ಅದು ತಡವಾಗಿ ಬರುವ ಗುರುತು.

ಎಕ್ಸ್-ರೇ ಸಾಕಾ, ಸಿ.ಟಿ. ಬೇಕಾ

ಖರ್ಚು ಉಳಿಸಬೇಕೆಂದು ಜನ ಮೊದಲು ಕೈ ಹಿಡಿಯುವುದು ಇಲ್ಲೇ. ಎಕ್ಸ್-ರೇ ಅಗ್ಗ, ಎಲ್ಲೆಡೆ ಸಿಗುತ್ತದೆ, ಐದು ನಿಮಿಷದ ಕೆಲಸ. ಉಬ್ಬಿದ ಕರುಳು, ಮೆಟ್ಟಿಲು ಮೆಟ್ಟಿಲಾಗಿ ನಿಂತ ನೀರು, ತೂತಾಗಿದ್ದರೆ ಹೊರಬಿದ್ದ ಗಾಳಿ ಅದರಲ್ಲಿ ಕಾಣಬಹುದು. ಓದುವವರು 3, 6, 9 ಎಂಬ ಲೆಕ್ಕ ಇಟ್ಟುಕೊಂಡಿರುತ್ತಾರೆ. ಸಣ್ಣ ಕರುಳು 3 ಸೆಂಟಿಮೀಟರ್, ದೊಡ್ಡ ಕರುಳು 6, ಅದರ ಶುರುವಿನ ಚೀಲದಂಥ ಭಾಗ 9 ದಾಟಿದರೆ ಉಬ್ಬಿದೆ ಎಂದರ್ಥ. ಆದರೆ ಎಕ್ಸ್-ರೇ "ಕಟ್ಟಿರಬಹುದು" ಎನ್ನುತ್ತದೆ, ಅಷ್ಟೇ. ಯಾಕೆ ಕಟ್ಟಿದೆ, ರಕ್ತ ಹರಿಯುತ್ತಿದೆಯಾ ಎಂದು ಹೇಳಲಾರದು. ಕರುಳಿನ ತುಂಬ ನೀರೇ ಇದ್ದು ಗಾಳಿ ಕಡಿಮೆ ಇದ್ದರೆ ಚಿತ್ರ ಸರಿಯಾಗಿಯೇ ಇದೆ ಅನ್ನಿಸಿ ಮೋಸ ಹೋಗಬಹುದು.

ಸಿ.ಟಿ. ಸ್ಕ್ಯಾನ್, ಅದರಲ್ಲೂ ರಕ್ತನಾಳಕ್ಕೆ ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣುವ ದ್ರವ) ಕೊಟ್ಟು ಮಾಡಿದ್ದು, ನನ್ನ ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ಉತ್ತರ ಕೊಡುತ್ತದೆ. ಎಲ್ಲಿ, ಎಷ್ಟು, ಯಾಕೆ ಎಂಬುದು ತಿಳಿಯುತ್ತದೆ. ಕರುಳಿನ ಗೋಡೆಗೆ ರಕ್ತ ಬರುತ್ತಿದೆಯಾ ಎಂಬುದರ ಸುಳಿವೂ ಸಿಗುತ್ತದೆ. ಹಣಕ್ಕೆ ಕಷ್ಟ ಇದ್ದರೂ ಬೇರೆಲ್ಲಾದರೂ ಹಿಡಿತ ಮಾಡಿ, ಇಲ್ಲಿ ಮಾತ್ರ ಬೇಡ ಎನ್ನುವವನು ನಾನು. ಒಂದು ಸ್ಕ್ಯಾನ್ ಬೇಡದ ಆಪರೇಷನ್ನನ್ನು ತಪ್ಪಿಸಬಹುದು, ಬೇಕಾದ ಆಪರೇಷನ್ನನ್ನು ಒಂದು ದಿನ ಮುಂಚೆ ಮಾಡಿಸಬಹುದು. ಎರಡೂ ದಾರಿಯಲ್ಲಿ ಅದರ ಖರ್ಚು ಅಲ್ಲೇ ತೀರುತ್ತದೆ. ಕಿಡ್ನಿ ದುರ್ಬಲ ಇದ್ದವರು ಆ ಮಾತನ್ನು ಮೊದಲೇ ಹೇಳಬೇಕು. ಕಾಂಟ್ರಾಸ್ಟ್ ಕೊಡುವುದೋ ಬಿಡುವುದೋ ಡಾಕ್ಟರು ತೂಗಿ ನೋಡುತ್ತಾರೆ.

ಗರ್ಭಿಣಿಯರು, ಮಕ್ಕಳು ಎಂದಾಗ ವಿಕಿರಣ ಇಲ್ಲದ ಅಲ್ಟ್ರಾಸೌಂಡ್ ಮೊದಲು ಬರುತ್ತದೆ. ಪಳಗಿದ ಕೈಯಲ್ಲಿ ಅದು ಎಕ್ಸ್-ರೇಗಿಂತ ಚೆನ್ನಾಗಿ ಹೇಳುತ್ತದೆ. ಗರ್ಭಿಣಿಯರಿಗೆ ಎಂ.ಆರ್.ಐ. ಕೂಡ ಮಾಡುತ್ತಾರೆ.

ರಕ್ತ ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಮೈಯ ಭಾಗಗಳಿಗೆ ರಕ್ತ ಸಾಲದಾದಾಗ ಹೆಚ್ಚುವ ಲ್ಯಾಕ್ಟೇಟ್ ಎಂಬ ಅಂಶ ಏರಿದ್ದರೆ ಕರುಳು ಸಾಯುತ್ತಿರಬಹುದು ಎಂಬ ಸೂಚನೆ. ಏರಿಲ್ಲ ಎಂದಾಕ್ಷಣ ಎಲ್ಲ ಸರಿ ಎಂದಲ್ಲ. "ರಿಪೋರ್ಟ್ ನಾರ್ಮಲ್" ಎಂಬ ಒಂದೇ ಮಾತಿಗೆ ನೆಮ್ಮದಿಯಾಗಿ ಮನೆಗೆ ಹೋಗಬೇಡಿ.

ಟ್ಯೂಬ್ ಹಾಕಿ ಕಾಯುವುದು

ಸಣ್ಣ ಕರುಳು ಕಟ್ಟುವುದಕ್ಕೆ ಅತಿ ಸಾಮಾನ್ಯ ಕಾರಣ ಹಿಂದೆಂದೋ ಆದ ಹೊಟ್ಟೆಯ ಆಪರೇಷನ್. ಗಾಯ ಮಾಯುವಾಗ ಒಳಗೆ ದಾರದಂಥ, ಪೊರೆಯಂಥ ಅಂಟುಗಳು ಬೆಳೆಯುತ್ತವೆ. ಹೊಟ್ಟೆಯ ಆಪರೇಷನ್ ಆದ ಹೆಚ್ಚಿನವರಲ್ಲಿ ಇವು ಇರುತ್ತವೆ. ಕೆಲವರಿಗೆ ಮಾತ್ರ, ತಿಂಗಳೋ ಹತ್ತಿಪ್ಪತ್ತು ವರ್ಷವೋ ಕಳೆದ ಮೇಲೆ, ಕರುಳು ಅದಕ್ಕೆ ಸಿಕ್ಕಿ ಮಡಚಿಕೊಳ್ಳುತ್ತದೆ. ಅಪ್ಪನದು ಹರೆಯದಲ್ಲಿ ಆದ ಅಪೆಂಡಿಕ್ಸ್ ಆಪರೇಷನ್. ನಾವು ಅದನ್ನು ಮರೆತೇಬಿಟ್ಟಿದ್ದೆವು.

ಕಾಯುವ ದಾರಿ ಮುಖ್ಯವಾಗಿ ಇಂಥವರಿಗೆ. ಬಾಯಿಗೆ ಏನೂ ಇಲ್ಲ. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿ ನಿಂತಿದ್ದನ್ನು ಹೊರಗೆಳೆಯುತ್ತಾರೆ. ಡ್ರಿಪ್‌ನಲ್ಲಿ ನೀರು, ಸೋಡಿಯಂ, ಪೊಟ್ಯಾಷಿಯಂ ತುಂಬುತ್ತಾರೆ. ಪೊಟ್ಯಾಷಿಯಂ ಕಡಿಮೆ ಇದ್ದರೆ ಕರುಳು ತಾನೇ ಮಂಕಾಗುತ್ತದೆ. ಮೂತ್ರಕ್ಕೂ ಟ್ಯೂಬ್ ಹಾಕಿ ಗಂಟೆ ಗಂಟೆಗೆ ಅಳೆಯುತ್ತಾರೆ. ಕೇಳಲು ಸಾದಾ ಉಪಾಯ. ಆದರೆ 1930ರ ದಶಕದಲ್ಲಿ ಅಮೆರಿಕದ ಸರ್ಜನ್ ಓವನ್ ವ್ಯಾಂಗನ್‌ಸ್ಟೀನ್ ಹೀಗೆ ಎಳೆದು ತೆಗೆಯುವುದನ್ನು ಬಳಕೆಗೆ ತಂದ ಮೇಲೆ ಈ ಕಾಯಿಲೆಯಲ್ಲಿ ಸಾಯುವವರ ಸಂಖ್ಯೆ ಚೆನ್ನಾಗಿ ಇಳಿಯಿತು.

ಟ್ಯೂಬ್ ಹಾಕಿಸಿಕೊಳ್ಳುವುದು ಹಿಂಸೆ, ಸುಳ್ಳು ಹೇಳುವುದಿಲ್ಲ. ಗಂಟಲು ಕೆರೆಯುತ್ತದೆ, ಓಕರಿಕೆ ಬರುತ್ತದೆ. ಅಪ್ಪ ಎರಡು ಸಲ ಕಿತ್ತು ಹಾಕಲು ನೋಡಿದರು. ಆದರೂ ತುಂಬಿದ ಹೊಟ್ಟೆಯ ವಾಂತಿ ಶ್ವಾಸಕೋಶಕ್ಕೆ ಇಳಿದರೆ ಆಗುವ ನ್ಯುಮೋನಿಯಾ ಇದಕ್ಕಿಂತ ಬಹಳ ಕೆಟ್ಟದ್ದು. "ಸರ್ಜನ್ ನೋಡುವವರೆಗೆ ನೋವಿನ ಇಂಜೆಕ್ಷನ್ ಕೊಡಬಾರದು" ಎಂಬ ಹಳೆಯ ನಂಬಿಕೆಯನ್ನೂ ಈಗ ಕೈಬಿಟ್ಟಿದ್ದಾರೆ. ನೋವು ತಗ್ಗಿಸಿ ಎಂದು ಕೇಳಲು ಹಿಂಜರಿಯಬೇಡಿ.

ಫಲ ಎಷ್ಟು? ಅಂಟಿನಿಂದ ಸಣ್ಣ ಕರುಳು ಕಟ್ಟಿದ, ಅಪಾಯದ ಗುರುತು ಇಲ್ಲದ ರೋಗಿಗಳಲ್ಲಿ 100ಕ್ಕೆ 70ರಿಂದ 90 ಜನರಿಗೆ ಆಪರೇಷನ್ ಇಲ್ಲದೆ ಬಿಟ್ಟುಕೊಳ್ಳುತ್ತದೆ ಎಂದು ಸರ್ಜನ್‌ಗಳ ಬೊಲೊನ್ಯಾ ಮಾರ್ಗಸೂಚಿಯ 2017ರ ಆವೃತ್ತಿ ಹೇಳುತ್ತದೆ. ಎಷ್ಟು ಹೊತ್ತು ಕಾಯಬಹುದು ಎಂಬುದಕ್ಕೂ ಅದೇ ಗಡಿ ಹಾಕಿದೆ. ಸಾಮಾನ್ಯವಾಗಿ 72 ಗಂಟೆ. ಬಿಡುವುದಾಗಿದ್ದರೆ ಅಷ್ಟರಲ್ಲಿ ಬಿಡುತ್ತದೆ, ಇಲ್ಲದಿದ್ದರೆ ಮತ್ತೆ ಕಾಯುವುದರಲ್ಲಿ ಲಾಭ ಕಡಿಮೆ, ತೊಂದರೆ ಜಾಸ್ತಿ.

ಕಾಯುವುದು ಎಂದರೆ ವಾರ್ಡಿನಲ್ಲಿ ಮಲಗಿಸಿ ಮರೆಯುವುದಲ್ಲ. ಅದೇ ಡಾಕ್ಟರು ಅಥವಾ ಅದೇ ತಂಡ ದಿನಕ್ಕೆ ಹಲವು ಸಲ ಬಂದು ಹೊಟ್ಟೆ ಮುಟ್ಟಿ ನೋಡಬೇಕು. ಮೊದಲ ಸಲ ನಮಗೆ ಇದು ಆಗಲಿಲ್ಲ. ಒಂದು ಇಡೀ ಸಂಜೆ ಯಾರೂ ಬರಲಿಲ್ಲ. ಪುಣ್ಯಕ್ಕೆ ಏನೂ ಕೆಡಲಿಲ್ಲ. ಎರಡನೆಯ ಸಲ ನಾನೇ ಒಂದು ಚೀಟಿ ಇಟ್ಟುಕೊಂಡೆ. ಟ್ಯೂಬಿನಿಂದ ಎಷ್ಟು ಬಂತು, ಯಾವ ಬಣ್ಣ, ಮೂತ್ರ ಎಷ್ಟು, ನೋವು ಬಿಟ್ಟು ಬಿಟ್ಟೋ ಬಿಡದೆಯೋ, ಗಾಳಿ ಹೋಯಿತಾ ಎಂದೆಲ್ಲ ಬರೆದೆ. ಸರ್ಜನ್ ಆ ಚೀಟಿ ನೋಡಿದರು. ನೋವಿನ ಸಾಲಿನಲ್ಲಿ ಮಧ್ಯಾಹ್ನದ ಮೇಲೆ "ಬಿಡ್ತಾ ಇಲ್ಲ" ಎಂದು ಬರೆದಿತ್ತು. ಅಲ್ಲಿಗೆ ಕಾಯುವುದು ಮುಗಿಯಿತು.

ಕಾಯುವ ಕಾಲವನ್ನು ಚುರುಕು ಮಾಡಲು ಒಂದು ಉಪಾಯ ಇದೆ, ಎಲ್ಲರೂ ಕೇಳಿರುವುದಿಲ್ಲ. ಹೊಟ್ಟೆ ಖಾಲಿ ಮಾಡಿದ ಮೇಲೆ ಟ್ಯೂಬಿನ ಮೂಲಕ ಸುಮಾರು 100 ಮಿಲಿಲೀಟರ್ ಗ್ಯಾಸ್ಟ್ರೋಗ್ರಾಫಿನ್ ಎಂಬ, ನೀರಿನಲ್ಲಿ ಕರಗುವ ಕಾಂಟ್ರಾಸ್ಟ್ ಕೊಡುತ್ತಾರೆ. 24 ಗಂಟೆಯೊಳಗೆ ಒಂದೆರಡು ಎಕ್ಸ್-ರೇ ತೆಗೆಯುತ್ತಾರೆ. ಅದು ದೊಡ್ಡ ಕರುಳಿಗೆ ಇಳಿದಿದ್ದರೆ ಆಪರೇಷನ್ ಇಲ್ಲದೆ ವಾಸಿಯಾಗುವ ಸಾಧ್ಯತೆ ತುಂಬ ಜಾಸ್ತಿ. ಇಳಿಯದಿದ್ದರೆ ಆಪರೇಷನ್ ಕಡೆಗೆ ಮನಸ್ಸು ಮಾಡಬೇಕು. ಮೂರು ದಿನ ಕತ್ತಲಲ್ಲಿ ಕೂರುವ ಬದಲು ಒಂದೇ ದಿನದಲ್ಲಿ ದಾರಿ ಗೊತ್ತಾಗುತ್ತದೆ, ಆಸ್ಪತ್ರೆಯ ದಿನಗಳೂ ಕಡಿಮೆಯಾಗುತ್ತವೆ. ಬಜೆಟ್ ಬಿಗಿ ಇದ್ದವರಿಗೆ ಇದು ಒಳ್ಳೆಯ ಆಯ್ಕೆ. ಅದು ಕರುಳಿನೊಳಕ್ಕೆ ನೀರು ಸೆಳೆಯುವುದರಿಂದ ಒಣಗಿದ ರೋಗಿಗೆ ಮೊದಲು ಡ್ರಿಪ್ ಚೆನ್ನಾಗಿ ಹೋಗಿರಬೇಕು. ಇದರ ಬದಲಿಗೆ ಬೇರಿಯಂ ಎಂಬ ಇನ್ನೊಂದು ಕಾಂಟ್ರಾಸ್ಟ್ ಆಗದು. ಕರುಳು ತೂತಾಗಿದ್ದರೆ ಹೊಟ್ಟೆಯೊಳಗೆ ಸೋರಿ ದೊಡ್ಡ ಅನಾಹುತ ಮಾಡುತ್ತದೆ.

ಹಿಂದೆ ಯಾವ ಆಪರೇಷನ್ನೂ ಆಗಿಲ್ಲ, ಹರ್ನಿಯಾನೂ ಇಲ್ಲ ಎನ್ನುವವರಿಗೆ ಕಟ್ಟಿದರೆ? ಅಲ್ಲಿ ಬಿಟ್ಟುಕೊಂಡಿತು ಎಂದು ಮನೆಗೆ ಹೋಗಿ ಸುಮ್ಮನಿರಬೇಡಿ. ಗಡ್ಡೆ, ಉರಿಯೂತ, ಕ್ಷಯ ಹೀಗೆ ಏನೋ ಒಂದು ಕಾರಣ ಇರುತ್ತದೆ. ಅದನ್ನು ಹುಡುಕಲೇಬೇಕು.

ಆಪರೇಷನ್ ಎಂದಾದರೆ: ದೊಡ್ಡ ಗಾಯವೋ, ಚಿಕ್ಕ ತೂತೋ

ರಕ್ತ ನಿಂತಿದೆ, ಹರ್ನಿಯಾ ಸಿಕ್ಕಿಕೊಂಡಿದೆ, ಕರುಳಿನ ಒಂದು ಸುರುಳಿ ಎರಡೂ ತುದಿಯಲ್ಲಿ ಕಟ್ಟಿಕೊಂಡಿದೆ, ತೂತಾಗಿದೆ ಎಂದರೆ ಆಯ್ಕೆಯ ಮಾತೇ ಇಲ್ಲ, ಆಪರೇಷನ್ ಆಗಬೇಕು. ಕರುಳು ಕಟ್ಟಿದ ರೋಗಿಯ ಮೇಲೆ ಸೂರ್ಯ ಹುಟ್ಟಿ ಮುಳುಗಬಾರದು ಎಂದು ಹಳೆಯ ಕಾಲದ ಸರ್ಜನ್‌ಗಳು ಹೇಳುತ್ತಿದ್ದರು. ಎಲ್ಲರಿಗೂ ಆ ಮಾತು ಈಗ ಒಪ್ಪುವುದಿಲ್ಲ. ಇವರಿಗೆ ಮಾತ್ರ ಈಗಲೂ ಒಪ್ಪುತ್ತದೆ.

"ಕೀಹೋಲ್ ಮಾಡಿಸಿ, ಬೇಗ ವಾಸಿಯಾಗುತ್ತೆ" ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ. ಅವರ ಮಾತಿನಲ್ಲಿ ಸತ್ಯ ಇದೆ, ಪೂರ್ತಿ ಅಲ್ಲ. ಫಿನ್‌ಲೆಂಡ್ ಮತ್ತು ಇಟಲಿಯ ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಲ್ಯಾಸೊ ಎಂಬ ಪ್ರಯೋಗದಲ್ಲಿ ಅಂಟಿನಿಂದ ಕರುಳು ಕಟ್ಟಿದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೊಟ್ಟೆ ತೆರೆದು, ಇನ್ನೊಂದಕ್ಕೆ ಲ್ಯಾಪ್ರೊಸ್ಕೋಪಿ, ಅಂದರೆ ಕೀಹೋಲ್, ಮಾಡಿ ನೋಡಿದರು. ಲ್ಯಾಪ್ರೊಸ್ಕೋಪಿಯವರು ಸರಾಸರಿ 1.3 ದಿನ ಮುಂಚೆ ಮನೆಗೆ ಹೋದರು. ಗಮನಿಸಬೇಕಾದ್ದು ಬೇರೆ. ಆ ಪ್ರಯೋಗಕ್ಕೆ ತೆಗೆದುಕೊಂಡಿದ್ದು ಒಂದೇ ದಾರದಂಥ ಅಂಟು ಇರಬಹುದು ಎನ್ನಿಸಿದ ರೋಗಿಗಳನ್ನು. ಹೊಟ್ಟೆಯೆಲ್ಲ ಅಂಟಿಕೊಂಡವರನ್ನಲ್ಲ.

ಹೊಟ್ಟೆ ತುಂಬ ಉಬ್ಬಿದ್ದರೆ ಉಪಕರಣ ಆಡಿಸಲು ಜಾಗವೇ ಇರುವುದಿಲ್ಲ. ಉಬ್ಬಿ ತೆಳುವಾದ ಕರುಳಿಗೆ ತಾಗಿದರೆ ಹರಿಯುತ್ತದೆ. ಹಾಗಾಗಿ ಹಿಂದೆ ಒಂದೇ ಚಿಕ್ಕ ಆಪರೇಷನ್ ಆಗಿದ್ದು, ಉಬ್ಬರ ಕಡಿಮೆ ಇದ್ದು, ಈ ಕೆಲಸದಲ್ಲಿ ಪಳಗಿದ ಸರ್ಜನ್ ಸಿಕ್ಕರೆ ಕೀಹೋಲ್ ಒಳ್ಳೆಯದು. ಹಲವು ಆಪರೇಷನ್ ಆದವರು, ಕರುಳು ಸತ್ತಿರುವ ಅನುಮಾನ ಇರುವವರು, ರಕ್ತದೊತ್ತಡ ಕುಸಿದವರು, ಇವರಿಗೆ ಹೊಟ್ಟೆ ತೆರೆಯುವುದೇ ಕ್ಷೇಮ. ಶುರು ಮಾಡಿದ್ದು ಕೀಹೋಲ್, ಮುಗಿಸಿದ್ದು ದೊಡ್ಡ ಗಾಯ ಎಂದಾದರೆ ಸರ್ಜನ್ ಸೋತರು ಅಂದುಕೊಳ್ಳಬೇಡಿ. ಅಪ್ಪನಿಗೂ ಹಾಗೇ ಆಯಿತು. ಆ ಹೊತ್ತಿಗೆ ನನಗೂ ಸಿಟ್ಟು ಬಂದಿತ್ತು, ಈಗ ಇಲ್ಲ.

ಆಪರೇಷನ್ ಮಾಡಿಸಿದರೆ ಮತ್ತೆ ಬರುವುದಿಲ್ಲವೇ? ಬರಬಹುದು. ಹೊಸ ಗಾಯ, ಹೊಸ ಅಂಟು. ಅದೇ ಬೊಲೊನ್ಯಾ ಮಾರ್ಗಸೂಚಿಯ ಲೆಕ್ಕದಲ್ಲಿ ಟ್ಯೂಬಿನಲ್ಲೇ ವಾಸಿಯಾದವರಲ್ಲಿ 100ಕ್ಕೆ 12 ಜನ ಒಂದು ವರ್ಷದೊಳಗೆ, 20 ಜನ ಐದು ವರ್ಷದೊಳಗೆ ಮತ್ತೆ ದಾಖಲಾಗುತ್ತಾರೆ. ಆಪರೇಷನ್ ಆದವರಲ್ಲಿ ಈ ಸಂಖ್ಯೆ 8 ಮತ್ತು 16. ವ್ಯತ್ಯಾಸ ಇದೆ, ಆದರೆ "ಒಂದೇ ಸಲಕ್ಕೆ ಮುಗಿಸಿಬಿಡೋಣ" ಎಂದು ಹೊಟ್ಟೆ ಕೊಯ್ಯಿಸಿಕೊಳ್ಳುವಷ್ಟು ದೊಡ್ಡದಲ್ಲ. ಮತ್ತೆ ಮತ್ತೆ ಕಟ್ಟಿಕೊಳ್ಳುವ ಎಳೆಯ ವಯಸ್ಸಿನವರ ಲೆಕ್ಕ ಬೇರೆ, ಅವರು ಸರ್ಜನ್ ಜೊತೆ ಕೂತು ಮಾತಾಡಬೇಕು.

ದೊಡ್ಡ ಕರುಳಿನ ಲೆಕ್ಕವೇ ಬೇರೆ

ಇಲ್ಲಿ ಅಂಟು ಅಪರೂಪ. ಬಹುಪಾಲು ಕಾರಣ ಕ್ಯಾನ್ಸರ್ ಗಡ್ಡೆ. ಆಮೇಲೆ ತಿರುಚು, ಹಳೆಯ ಉರಿಯೂತದಿಂದ ದಾರಿ ಕಿರಿದಾಗುವುದು. ಟ್ಯೂಬ್ ಹಾಕಿ ಮೂರು ದಿನ ನೋಡುವುದು ಇಲ್ಲಿ ಸಾಮಾನ್ಯವಾಗಿ ನಡೆಯದು. ಗಡ್ಡೆ ತಾನಾಗಿ ಬಿಟ್ಟುಕೊಡುವುದಿಲ್ಲವಲ್ಲ. ಸಣ್ಣ ಕರುಳು, ದೊಡ್ಡ ಕರುಳು ಸೇರುವಲ್ಲಿ ಒಂದು ಕವಾಟ ಇದೆ. ಅದು ಬಿಗಿಯಾಗಿದ್ದರೆ ಗಾಳಿ ಹಿಂದಕ್ಕೂ ಹೋಗದೆ, ಮುಂದಕ್ಕೂ ಹೋಗದೆ ಬಲೂನಿನಂತೆ ಉಬ್ಬುತ್ತದೆ. ಶುರುವಿನ ಭಾಗ 12 ಸೆಂಟಿಮೀಟರ್ ದಾಟಿದರೆ ಒಡೆಯುವ ಭಯ.

ಬಲಗಡೆ ಗಡ್ಡೆ ಇದ್ದರೆ ಆ ಭಾಗ ತೆಗೆದು ಅಲ್ಲೇ ಜೋಡಿಸುವುದು ಹೆಚ್ಚಿನ ಸಲ ಆಗುತ್ತದೆ. ಮನೆಯವರ ತಲೆ ಕೆಡುವುದು ಎಡಗಡೆಯದಾದಾಗ. ಅಲ್ಲಿ ಮೂರು ದಾರಿಗಳಿವೆ.

ಒಂದು, ಗಡ್ಡೆ ತೆಗೆದು, ಜೋಡಿಸದೆ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಕಟ್ಟುವುದು. ತುಂಬ ನಿತ್ರಾಣ ಇದ್ದವರಿಗೆ, ತೂತಾದವರಿಗೆ ಇದು ಸುರಕ್ಷಿತ. ಬೆಲೆ ತೆರಬೇಕಾದ್ದು ಚೀಲದೊಂದಿಗೆ ಬದುಕುವುದರಲ್ಲಿ. "ಮೂರು ತಿಂಗಳಿಗೆ ಮುಚ್ಚಿಬಿಡ್ತಾರೆ" ಎಂದುಕೊಂಡವರಲ್ಲಿ ಎಷ್ಟೋ ಜನರಿಗೆ ಅದು ಹಾಗೇ ಉಳಿಯುತ್ತದೆ. ಎರಡನೆಯ ಆಪರೇಷನ್ನಿಗೆ ವಯಸ್ಸು, ಆರೋಗ್ಯ ಒಪ್ಪುವುದಿಲ್ಲ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಚೀಲದ ಖರ್ಚು ತಿಂಗಳು ತಿಂಗಳೂ ಬರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎರಡು, ಅದೇ ಆಪರೇಷನ್ನಿನಲ್ಲಿ ತೆಗೆದು ಜೋಡಿಸುವುದು. ಚೀಲ ಇಲ್ಲ, ಅಥವಾ ಜೋಡಣೆ ಮಾಯುವವರೆಗೆ ತಾತ್ಕಾಲಿಕ ಚೀಲ. ಜೋಡಿಸಿದ್ದು ಸೋರಿದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ಮೈ ಗಟ್ಟಿ ಇದ್ದವರಿಗೆ, ಅನುಭವಿ ಸರ್ಜನ್ ಕೈಯಲ್ಲಿ ಮಾತ್ರ.

ಮೂರು, ಸ್ಟೆಂಟ್. ಗುದದ್ವಾರದಿಂದ ಕೊಲೊನೋಸ್ಕೋಪ್ ಎಂಬ ಕ್ಯಾಮೆರಾ ಇರುವ ಕೊಳವೆ ತೂರಿಸಿ ಗಡ್ಡೆಯ ನಡುವೆ ಲೋಹದ ಬಲೆಯ ಕೊಳವೆ ಇಟ್ಟು ದಾರಿ ತೆರೆಯುತ್ತಾರೆ. ಉಬ್ಬರ ಇಳಿಯುತ್ತದೆ, ರೋಗಿ ಚೇತರಿಸಿಕೊಳ್ಳುತ್ತಾರೆ, ಸುಮಾರು ಎರಡು ವಾರದ ಮೇಲೆ ತುರ್ತಿಲ್ಲದೆ ಆಪರೇಷನ್ ಮಾಡಬಹುದು. ಬ್ರಿಟನ್ನಿನಲ್ಲಿ ನಡೆದ ಕ್ರೆಸ್ಟ್ ಎಂಬ ಪ್ರಯೋಗದಲ್ಲಿ ಸ್ಟೆಂಟ್ ಹಾಕಿದವರಲ್ಲಿ ಚೀಲ ಬೇಕಾದವರು ಕಡಿಮೆಯಾದರು. ಆದರೆ ಸ್ಟೆಂಟ್ ಹಾಕುವಾಗ ಕರುಳು ತೂತಾದರೆ ಕ್ಯಾನ್ಸರ್ ಕೋಶಗಳು ಹೊಟ್ಟೆಯೊಳಕ್ಕೆ ಚೆಲ್ಲುವ ಭಯ ಇದೆ. ಗುಣವಾಗುವ ಹಂತದ, ಗಟ್ಟಿಮುಟ್ಟಾದ ರೋಗಿಗೆ ಇದನ್ನು ತೂಗಬೇಕು. ಕ್ಯಾನ್ಸರ್ ಆಗಲೇ ಹರಡಿದೆ, ಆಪರೇಷನ್ ಬೇಡ ಎನ್ನುವವರಿಗೆ ಸ್ಟೆಂಟ್ ನಿಜಕ್ಕೂ ವರ. ಯಾವುದಕ್ಕೂ ಒಪ್ಪುವ ಮುಂಚೆ "ಇಲ್ಲಿ ಇದನ್ನು ಎಷ್ಟು ಸಲ ಮಾಡಿದ್ದೀರಿ?" ಎಂದು ಕೇಳಿ. ಮರ್ಯಾದೆಗೆಟ್ಟ ಪ್ರಶ್ನೆಯಲ್ಲ ಅದು.

ತಿರುಚಿನ ವಿಷಯ. ವಯಸ್ಸಾದವರು, ಹಾಸಿಗೆ ಹಿಡಿದವರು, ಬಹುಕಾಲದ ಮಲಬದ್ಧತೆ ಇದ್ದವರಲ್ಲಿ ದೊಡ್ಡ ಕರುಳಿನ ಕೊನೆಯ ಸುರುಳಿ ತಿರುಗಿಕೊಳ್ಳುತ್ತದೆ. ಎಕ್ಸ್-ರೇಯಲ್ಲಿ ದೊಡ್ಡ ಕಾಫಿ ಬೀಜದ ಆಕಾರ ಕಾಣುತ್ತದೆ. ಕರುಳು ಸತ್ತಿಲ್ಲದಿದ್ದರೆ ಕೊಳವೆ ತೂರಿಸಿ ಬಿಡಿಸುತ್ತಾರೆ, ಗಾಳಿ ಬುಸ್ಸೆಂದು ಹೊರಬರುತ್ತದೆ, ರೋಗಿಗೆ ಅಲ್ಲೇ ಹಾಯೆನಿಸುತ್ತದೆ. ಮನೆಗೆ ಹೋಗುವ ಆಸೆ ಆಗುತ್ತದೆ. ಅಲ್ಲೇ ತಪ್ಪುವುದು. ಬಿಡಿಸಿ ಬಿಟ್ಟರೆ ಮತ್ತೆ ತಿರುಚಿಕೊಳ್ಳುವವರೇ ಜಾಸ್ತಿ. ಮೈ ಒಪ್ಪುವುದಾದರೆ ಅದೇ ದಾಖಲಾತಿಯಲ್ಲಿ ಆ ಭಾಗ ತೆಗೆಸುವುದು ಲೇಸು. ದೊಡ್ಡ ಕರುಳಿನ ಶುರುವಿನ ಭಾಗ ತಿರುಚಿದರೆ ಕೊಳವೆಯ ಆಟ ನಡೆಯದು, ಆಪರೇಷನ್ನೇ.

ಕಟ್ಟಿಲ್ಲ, ಆದರೂ ಕಟ್ಟಿದಂತಿದೆ

ಎಲ್ಲೂ ಅಡ್ಡಿ ಇಲ್ಲದೆ ಕರುಳು ಸುಮ್ಮನೆ ನಿಂತುಬಿಡುವುದೂ ಉಂಟು. ಹೊಟ್ಟೆಯ ಆಪರೇಷನ್ ಆದ ಮೇಲೆ ಕೆಲವು ದಿನ ಹೀಗಾಗುವುದು ಮಾಮೂಲು. ಬೇರೆ ಕಾಯಿಲೆಗೆ ಆಸ್ಪತ್ರೆಯಲ್ಲಿರುವ ವೃದ್ಧರಲ್ಲಿ, ಸೊಂಟದ ಮೂಳೆ ಮುರಿದವರಲ್ಲಿ ದೊಡ್ಡ ಕರುಳು ಮಾತ್ರ ಭಾರೀ ಉಬ್ಬುತ್ತದೆ. 1948ರಲ್ಲಿ ಇದನ್ನು ವಿವರಿಸಿದ ಬ್ರಿಟಿಷ್ ಸರ್ಜನ್ ಓಗಿಲ್ವಿ ಹೆಸರಿನಿಂದಲೇ ಕರೆಯುತ್ತಾರೆ. ಇಲ್ಲಿ ಹೊಟ್ಟೆ ಕೊಯ್ಯಿಸಲು ಅವಸರ ಮಾಡಬೇಡಿ. 12 ಸೆಂಟಿಮೀಟರ್ ದಾಟಿಲ್ಲದಿದ್ದರೆ ಎರಡು ಮೂರು ದಿನ ಕರುಳು ಮಂದ ಮಾಡುವ ಔಷಧ ನಿಲ್ಲಿಸಿ, ಲವಣ ಸರಿಪಡಿಸಿ, ಮಗ್ಗಲು ಬದಲಿಸಿ ನೋಡುತ್ತಾರೆ. ಆಗದಿದ್ದರೆ ಕರುಳನ್ನು ಚುರುಕು ಮಾಡುವ ನಿಯೊಸ್ಟಿಗ್ಮಿನ್ ಇಂಜೆಕ್ಷನ್. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅದನ್ನು ಪಡೆದ 11 ಜನರಲ್ಲಿ 10 ಜನರ ಉಬ್ಬರ ಬೇಗನೆ ಇಳಿಯಿತು. ಹುಸಿ ಇಂಜೆಕ್ಷನ್ ಪಡೆದ 10 ಜನರಲ್ಲಿ ಒಬ್ಬರಿಗೂ ಇಳಿಯಲಿಲ್ಲ. ಎದೆಬಡಿತ ನಿಧಾನ ಆಗಬಹುದಾದ್ದರಿಂದ ಮಾನಿಟರ್ ಹಚ್ಚಿಯೇ ಕೊಡಬೇಕು. ನಿಜವಾಗಿ ಅಡ್ಡಿ ಇದ್ದವರಿಗೆ ಇದನ್ನು ಕೊಟ್ಟರೆ ಅಪಾಯ. ಮತ್ತೆ ಸಿ.ಟಿ. ಮಾತಿಗೇ ಬಂದೆವು, ಅಲ್ವಾ?

ಹರಡಿದ ಕ್ಯಾನ್ಸರ್ ಇದ್ದಾಗ

ಇಲ್ಲಿ ನನ್ನ ನಾಲ್ಕನೆಯ ಪ್ರಶ್ನೆ ಮೊದಲಿಗೆ ಬರುತ್ತದೆ. ರೋಗಿಗೆ ಏನು ಬೇಕು? ಹೊಟ್ಟೆಯೆಲ್ಲ ಹರಡಿದ ಕ್ಯಾನ್ಸರ್ ಕರುಳನ್ನು ಹಲವು ಕಡೆ ಒತ್ತಿದ್ದರೆ ಆಪರೇಷನ್ ಮಾಡಿಸಿ ಆಸ್ಪತ್ರೆಯಲ್ಲೇ ಉಳಿದ ದಿನ ಕಳೆಯುವುದೋ, ಔಷಧದಲ್ಲಿ ಸಂಕಟ ತಗ್ಗಿಸಿಕೊಂಡು ಮನೆಯಲ್ಲಿ ಇರುವುದೋ? ಅಮೆರಿಕ, ಮೆಕ್ಸಿಕೊ, ಪೆರು, ಕೊಲಂಬಿಯಾಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಒಂದು ಒಳ್ಳೆಯ ಅಳತೆ ಹಿಡಿಯಿತು. ಮೊದಲ 91 ದಿನಗಳಲ್ಲಿ ಎಷ್ಟು ದಿನ ಬದುಕಿದ್ದು ಆಸ್ಪತ್ರೆಯ ಹೊರಗಿದ್ದರು ಎಂದು ಎಣಿಸಿದರು. ಆಪರೇಷನ್ ಆದವರಿಗೂ ಆಗದವರಿಗೂ ಅದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಒಂದೇ ಕಡೆ ಕಟ್ಟಿದೆ, ರೋಗಿ ಓಡಾಡಿಕೊಂಡಿದ್ದಾರೆ ಎಂದರೆ ಆಪರೇಷನ್ ಬಗ್ಗೆ ಯೋಚಿಸಬಹುದು. ಹಲವು ಕಡೆ ಕಟ್ಟಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ, ಮೈ ಸವೆದಿದೆ ಎಂದರೆ ನನ್ನ ಮನಸ್ಸು ಔಷಧದ ಕಡೆ ವಾಲುತ್ತದೆ.

ಔಷಧ ಎಂದರೆ ಕೈಚೆಲ್ಲಿದಂತಲ್ಲ. ಕರುಳಿನ ರಸ ಕಡಿಮೆ ಮಾಡಲು ಆಕ್ಟ್ರಿಯೊಟೈಡ್, ಬಾವು ಇಳಿಸಲು ಡೆಕ್ಸಾಮೆಥಾಸೋನ್, ಹಿಂಡುವ ನೋವಿಗೆ ಹಯೋಸಿನ್, ವಾಕರಿಕೆಗೆ ಹಾಲೊಪೆರಿಡಾಲ್, ಜೊತೆಗೆ ನೋವಿಗೆ ಮಾರ್ಫಿನ್. ವಾಂತಿಗೆ ಸಾಮಾನ್ಯವಾಗಿ ಕೊಡುವ ಮೆಟೊಕ್ಲೊಪ್ರಮೈಡ್ ಕರುಳನ್ನು ತಳ್ಳುವ ಔಷಧ, ಪೂರ್ತಿ ಕಟ್ಟಿದ್ದರೆ ಅದು ಬೇಡ. ವಾಂತಿ ನಿಲ್ಲದಿದ್ದರೆ ಮೂಗಿನ ಟ್ಯೂಬಿನ ಬದಲು ಹೊಟ್ಟೆಯ ಮೇಲಿಂದಲೇ ಜಠರಕ್ಕೆ ಚಿಕ್ಕ ಟ್ಯೂಬ್ ಇಟ್ಟು ಬಸಿಯಲು ಬಿಡಬಹುದು. ಮುಖದ ಮೇಲೆ ಟ್ಯೂಬ್ ಇರುವುದಿಲ್ಲ, ಬಾಯಿಗೆ ರುಚಿಗೆಂದು ಒಂದೆರಡು ಗುಟುಕು ಕುಡಿಯಬಹುದು. ನೋವು, ಸಂಕಟ ತಗ್ಗಿಸುವುದನ್ನೇ ನೋಡಿಕೊಳ್ಳುವ ಪ್ಯಾಲಿಯೇಟಿವ್ ತಂಡ ಇದ್ದರೆ ಮೊದಲ ದಿನವೇ ಕರೆಸಿ, ಕೊನೆಯ ವಾರಕ್ಕೆ ಇಡಬೇಡಿ.

ಮನೆಗೆ ಬಂದ ಮೇಲೆ

ಗಾಳಿ ಹೋಯಿತು, ಟ್ಯೂಬ್ ತೆಗೆದರು, ನೀರು, ಮೆತ್ತನೆಯದು, ಆಮೇಲೆ ಊಟ ಎಂದು ಹಂತಹಂತವಾಗಿ ಶುರು ಮಾಡುತ್ತಾರೆ. ದಾರಿ ಕಿರಿದಾಗಿಯೇ ಉಳಿದಿದ್ದರೆ ನಾರು ಜಾಸ್ತಿ ಇರುವುದನ್ನು ಕಡಿಮೆ ಮಾಡಿ, ಸ್ವಲ್ಪ ಸ್ವಲ್ಪ ಚೆನ್ನಾಗಿ ಅಗಿದು ತಿನ್ನಲು ಹೇಳಬಹುದು. ಅದು ಎಲ್ಲರಿಗೂ ಅಲ್ಲ, ನಿಮ್ಮ ರೋಗಿಗೆ ಬೇಕಾ ಎಂದು ಕೇಳಿ.

ಅಪ್ಪನ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ಇದೆ. ಎರಡೂ ಸಲದ ಡಿಸ್ಚಾರ್ಜ್ ಸಾರಾಂಶ, ಸಿ.ಟಿ. ವರದಿ, ಆಪರೇಷನ್ನಿನಲ್ಲಿ ಏನು ಕಂಡಿತು ಎಂದು ಸರ್ಜನ್ ಬರೆದ ಹಾಳೆ, ನನ್ನ ಆ ಚೀಟಿ ಎಲ್ಲ ಅದರಲ್ಲಿವೆ. ಮುಖಪುಟದ ಮೇಲೆ ಅವರೇ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ: "ವಾಂತಿ ಆಗಿ ಗಾಳಿ ಹೋಗದಿದ್ದರೆ ಇದನ್ನು ತಗೊಂಡು ಹೊರಡುವುದು."